ಫಾಲ್‌ಔಟ್ 3: ಟ್ರಾಂಕ್ವಿಲಿಟಿ ಲೇನ್‌ನಲ್ಲಿ ಸಿಕ್ಕಿಹಾಕ್ಕೊಂಡಿದೀನಿ, ಸಹಾಯ ಬೇಕು

2008ರ ಗೇಮ್, ಈಗ ಆಡ್ತಿದೀನಿ, ನಗಬೇಡಿ. ಅಪ್ಪನನ್ನ ಹುಡುಕ್ತಾ ವಾಲ್ಟ್ 112 ಅನ್ನೋ ನೆಲಮಾಳಿಗೆ ಬಂಕರ್‌ಗೆ ಬಂದು, ಕಂಪ್ಯೂಟರ್ ಸೃಷ್ಟಿಸಿದ ಲೋಕಕ್ಕೆ ಕಳಿಸೋ ಕುರ್ಚಿ ಮೇಲೆ ಕೂತೆ. ಆ ಲೋಕವೇ ಟ್ರಾಂಕ್ವಿಲಿಟಿ ಲೇನ್. ಈಗ ನಾನೇ ಚಿಕ್ಕ ಮಗು, ಬಣ್ಣವಿಲ್ಲದ ಬೀದಿ, ಬೆಟ್ಟಿ ಅನ್ನೋ ಹುಡುಗಿ ನಗ್‌ನಗ್ತಾ ಟಿಮ್ಮಿ ಅನ್ನೋ ಹುಡುಗ ಅಳೋ ಹಾಗೆ ಮಾಡು ಅಂತಾಳೆ. ಇಡೀ ಸರಣಿಯಲ್ಲಿ ಇಷ್ಟು ಮೈ ಜುಮ್ ಅನ್ಸಿದ ಜಾಗ ಇನ್ನೊಂದಿಲ್ಲ!

ಟಿಮ್ಮಿ ಕೆಲಸ ಮುಗೀತು. ಬೆಟ್ಟಿ ಕೊಟ್ಟ ಮುಂದಿನ ಕೆಲಸ ರಾಕ್‌ವೆಲ್ ದಂಪತಿ ಸಂಸಾರ ಒಡೆಯೋದು, ಅದಕ್ಕೆ ಮನಸ್ಸು ಬರ್ತಿಲ್ಲ. ಪಾಳುಮನೆಯಲ್ಲಿ ಫೇಲ್‌ಸೇಫ್, ಅಂದ್ರೆ ಅವಳು ಹೇಳಿದ್ದು ಮಾಡದೇ ಇಲ್ಲಿಂದ ಹೊರಬರೋ ಗುಟ್ಟಿನ ದಾರಿ, ಇದೆ ಅಂತ ಗೊತ್ತಾಗಿ ಅಲ್ಲಿಗೆ ಹೋದೆ. ರೇಡಿಯೋ, ಗಾಜಿನ ಜಗ್, ಗ್ನೋಮ್ ಬೊಂಬೆ, ಸಿಮೆಂಟ್ ಬ್ಲಾಕ್, ಬಾಟಲಿ, ಮುಟ್ಟಿದರೆ ಒಂದೊಂದೂ ಒಂದೊಂದು ಸ್ವರ. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಹೆಡ್‌ಫೋನ್ ಹಾಕ್ಕೊಂಡು ಕಿವಿಗೊಟ್ಟೂ ನೋಡಿದೆ. ರೇಡಿಯೋ ಮೊದಲು ಅನ್ನೋದಷ್ಟೇ ಖಾತ್ರಿ. ಆಮೇಲೆ ಎಲ್ಲೋ ತಪ್ಪಿ ಮತ್ತೆ ಮೊದಲಿಂದ ಶುರು.

ಗೊತ್ತಿರೋರು ಹೇಳಿ: ಪೂರ್ತಿ ಕ್ರಮ ಏನು, ಒಂದೇ ವಸ್ತುವನ್ನ ಎರಡು ಸಲ ಮುಟ್ಟಬೇಕಾ? ಟಿಮ್ಮಿ ಅಳೋ ಹಾಗೆ ಮಾಡಿದ ಮೇಲೂ ಫೇಲ್‌ಸೇಫ್ ಕೆಲಸ ಮಾಡುತ್ತಾ, ಇಲ್ಲ ಹಳೇ ಸೇವ್ ಲೋಡ್ ಮಾಡ್ಲಾ? ಮುಂದಿನ ಕಥೆ ಮಾತ್ರ ದಯವಿಟ್ಟು ಹೇಳಬೇಡಿ.