ಬೇಯಿಸೋದು, ಅಡುಗೆ ಮಾಡೋದು ಎರಡೂ ಒಂದೇನಾ? ‘ಅಡು’ ಅನ್ನೋ ಪದ ಎಲ್ಲಿ ಹೋಯ್ತು?

ಪದಹುಡುಕಿ:
ಎಲ್ರಿಗೂ ನಮಸ್ಕಾರ. ಒಂದು ಓವನ್ ಜೊತೆ ಕೊಡೋ ಕೈಪಿಡೀನ ಕನ್ನಡಕ್ಕೆ ತರ್ತಿದೀನಿ, ಇಂಗ್ಲಿಷಲ್ಲಿ ಪುಟಪುಟಕ್ಕೂ ‘ಕುಕ್’ ‘ಕುಕ್’ ಅಂತಾನೇ ಇದೆ, ನಾನು ಮೊದಲು ಎಲ್ಲಾ ಕಡೆ ‘ಬೇಯಿಸಿ’ ಅಂತ ಹಾಕ್ಕೊಂಡು ಹೋದೆ, ಆಮೇಲೆ ಓದಿ ನೋಡಿದ್ರೆ ‘ಎಣ್ಣೆಯಲ್ಲಿ ಬೇಯಿಸಿ’, ‘ನೀರು ಹಾಕದೆ ಬೇಯಿಸಿ’ ಅಂತೆಲ್ಲಾ ಬಂದು ಬಾಯಿಗೇ ಒಗ್ತಿಲ್ಲ. ‘ಅಡುಗೆ ಮಾಡಿ’ ಅಂದ್ರೆ ಇಡೀ ಊಟ ತಯಾರು ಮಾಡಿ ಅಂದಂಗಾಗುತ್ತೆ, ಒಂದು ಬಟ್ಟಲು ತರಕಾರಿಗೆ ಅಷ್ಟು ದೊಡ್ಡ ಮಾತು ಯಾಕೆ. ನಿಘಂಟಲ್ಲಿ ‘ಅಡು’ ಅಂತ ಕ್ರಿಯಾಪದ ಇದೆ ಆದ್ರೆ ನಾನು ಯಾರ ಬಾಯಲ್ಲೂ ಕೇಳಿಲ್ಲ. ಇದರ ಸಮಾನಾರ್ಥಕ ಪದಗಳು ಏನೇನಿವೆ, ಯಾವುದನ್ನ ಎಲ್ಲಿ ಬಳಸ್ಬೇಕು? ಹಾಗೇ ಅಡುಗೆ ಸರೀನಾ ಅಡಿಗೆ ಸರೀನಾ ಅದನ್ನೂ ಯಾರಾದ್ರೂ ಹೇಳಿ.

ಹಳಗನ್ನಡದ ಬೆನ್ನುಹತ್ತಿ:
‘ಅಡು’ ಪೂರ್ತಿ ಹೋಗಿಲ್ಲ ಸರ್, ಅವಿತುಕೊಂಡಿದೆ ಅಷ್ಟೆ. ಉಡು–ಉಡುಗೆ, ತೊಡು–ತೊಡುಗೆ, ಕೊಡು–ಕೊಡುಗೆ ಇದ್ದಂಗೆ ಅಡು–ಅಡುಗೆ. ಉಡು, ಕೊಡು ಇವತ್ತಿಗೂ ದಿನಾ ಬಳಸ್ತೀವಿ, ಅಡು ಮಾತ್ರ ತನ್ನ ಮಗು ಅಡುಗೇನ ಬಿಟ್ಟು ತಾನು ಮರೆಗೆ ಹೋಯ್ತು. ಅದರ ಭೂತಕಾಲ ಸುಡು–ಸುಟ್ಟ, ಇಡು–ಇಟ್ಟ ಥರಾನೇ, ಅಡು–ಅಟ್ಟ. ‘ಅಟ್ಟ ಮೇಲೆ ಒಲೆ ಉರೀತು, ಕೆಟ್ಟ ಮೇಲೆ ಬುದ್ಧಿ ಬಂತು’ ಅನ್ನೋ ಗಾದೇಲಿ ಇರೋದು ಇದೇ ಅಟ್ಟ, ಅಡುಗೆ ಮುಗಿದ ಮೇಲೆ ಒಲೆ ಚೆನ್ನಾಗಿ ಹತ್ಕೊಳ್ತು ಅಂತ ಅರ್ಥ. ನಾನು ಎಷ್ಟೋ ವರ್ಷ ಅದು ಸಾಮಾನು ಇಡೋ ಅಟ್ಟ ಅಂತಾನೇ ತಿಳ್ಕೊಂಡಿದ್ದೆ, ಅಟ್ಟದ ಮೇಲೆ ಯಾರು ಒಲೆ ಹಚ್ತಾರೆ ಅಂತ ಯೋಚನೆ ಬೇರೆ ಮಾಡ್ತಿದ್ದೆ! ಅರ್ಥ ಗೊತ್ತಾದ ದಿನ ಆದ ಖುಷಿ ಈಗಲೂ ನೆನಪಿದೆ. ಅಡುಗೂಲಜ್ಜಿ ಕಥೆ ಅಂತೀವಲ್ಲ, ಅದೂ ಇದೇ ಮನೇದು, ಅಡು, ಕೂಳು, ಅಜ್ಜಿ ಮೂರೂ ಸೇರಿ ಆಗಿದ್ದು, ಕೂಳು ಬೇಯಿಸಿ ಹಾಕೋ ಅಜ್ಜಿ. ಕೂಳು ಅಂದ್ರೆ ಆಗ ಬೈಗುಳ ಅಲ್ಲ, ಬರೀ ಅನ್ನ, ಊಟ. ಮಲಯಾಳದಲ್ಲಿ ಅಡುಗೆಮನೆಗೆ ‘ಅಡುಕ್ಕಳ’, ತುಳುವಲ್ಲಿ ಅಡುಗೆಗೆ ‘ಅಟಿಲ್’, ಎಲ್ಲಾ ಒಂದೇ ಬೇರು. ಇನ್ನು ಬೇರಿನ ಲೆಕ್ಕದಲ್ಲಿ ನೋಡಿದ್ರೆ ಅಡುಗೇನೇ ಸರಿ.

ಮಾತಿನಂತೆ ಬರಹ:
ಅಡಿಗೇನ ತಪ್ಪು ಅನ್ಬೇಡಿ ದಯವಿಟ್ಟು, ಎಷ್ಟೋ ಜನ ಮಾತಾಡೋದೂ ಬರೆಯೋದೂ ಹಂಗೇನೆ, ನಿಘಂಟಲ್ಲೂ ಇದೆ. ಕೈಪಿಡೀಲಿ ಯಾವುದಾದ್ರೂ ಒಂದನ್ನೇ ಕೊನೇವರೆಗೂ ಇಟ್ಕೊಳ್ಳಿ, ಸಾಕು.

ಒಲೆಮುಂದೆ:
ನನಗೆ ವ್ಯಾಕರಣ ಅಷ್ಟಾಗಿ ಗೊತ್ತಿಲ್ಲ ಆದ್ರೆ ದಿನಾ ಒಲೆ ಮುಂದೆ ನಿಂತು ಆಡೋ ಮಾತು ಗೊತ್ತು. ನಮ್ಮಲ್ಲಿ ಒಂದೊಂದು ಕೆಲಸಕ್ಕೂ ಬೇರೆ ಬೇರೆ ಪದ ಇದೆ, ಅದಕ್ಕೇ ‘ಕುಕ್’ ಅನ್ನೋ ಒಂದಕ್ಕೆ ಒಂದೇ ಪದ ಹುಡುಕಿದ್ರೆ ಸಿಗಲ್ಲ. ಎಣ್ಣೇಲಿ ಮುಳುಗಿಸಿದ್ರೆ ಕರಿಯೋದು, ಬರೀ ಬಾಣಲೇಲಿ ಅಥವಾ ಚೂರು ಎಣ್ಣೇಲಿ ಆಡಿಸಿದ್ರೆ ಹುರಿಯೋದು, ಹಸಿ ವಾಸನೆ ಹೋಗಿ ಮೆತ್ತಗಾಗೋವರೆಗೆ ಕೈಯಾಡಿಸಿದ್ರೆ ಬಾಡಿಸೋದು, ನೇರ ಬೆಂಕಿಗೆ ಹಿಡಿದ್ರೆ ಸುಡೋದು. ಹಾಲು ಕಾಯಿಸ್ತೀವಿ, ಕುಡಿಯೋ ನೀರು ಕುದಿಸ್ತೀವಿ, ಹಾಲು ಬೇಯಿಸು ಅಂತ ಯಾರೂ ಅನ್ನಲ್ಲ.

ಆದ್ರೆ ಇನ್ನೊಂದು ಗಮನಿಸಿ ಮೇಡಂ/ಸರ್, ಕರಿದಿದ್ದನ್ನ ಮುರಿದು ನೋಡಿ ‘ಮೇಲೆ ಕೆಂಪಾಗಿದೆ, ಒಳಗೆ ಬೆಂದೇ ಇಲ್ಲ’ ಅಂತೀವಿ ತಾನೆ? ಸುಟ್ಟಿದ್ದಕ್ಕೂ ಹಂಗೇ ಅಂತೀವಿ. ಅಂದ್ರೆ ಕರಿ, ಹುರಿ, ಸುಡು ಇವೆಲ್ಲಾ ನಾವು ಮಾಡೋ ಕೆಲಸ, ಬೇಯೋದು ಅಂದ್ರೆ ಪದಾರ್ಥದ ಒಳಗೆ ಆಗೋದು, ಅಗುಳನ್ನ ಎರಡು ಬೆರಳಲ್ಲಿ ಹಿಚುಕಿದಾಗ ನಡುವೆ ಗಟ್ಟಿ ಸಿಗದೆ ಪೂರ್ತಿ ಒಡೆದು ಹೋಗುತ್ತಲ್ಲ, ಅದು. ‘ಬೇಯಿಸು’ ಅಂತ ಒಂದೇ ಅಂದ್ರೆ ಮಾತ್ರ ನೀರಲ್ಲೋ ಹಬೇಲೋ ಅಂತ ಅರ್ಥ ಮಾಡ್ಕೊಳ್ತೀವಿ. ನಿಮ್ಮ ‘ಎಣ್ಣೆಯಲ್ಲಿ ಬೇಯಿಸಿ’ ಅದಕ್ಕೇ ಇರುಸುಮುರುಸು ಮಾಡ್ತಿರೋದು. ಎಲ್ಲಿ ಹೇಗೆ ಮಾಡ್ಬೇಕು ಅಂತ ಹೇಳ್ತಿದೀರೋ ಅಲ್ಲಿ ಆಯಾ ಕೆಲಸದ ಪದ ಹಾಕಿ, ಎಲ್ಲಿ ಆಯ್ತಾ ಇಲ್ವಾ ನೋಡ್ಬೇಕೋ ಅಲ್ಲಿ ‘ಒಳಗೆ ಬೆಂದಿದೆಯಾ ನೋಡಿ’ ಅಂತ ಬರೀರಿ.

ಹಳಗನ್ನಡದ ಬೆನ್ನುಹತ್ತಿ:
ಒಲೆಮುಂದೆ ಅವರು ಹೇಳಿದ್ದು ನನಗೂ ಹೊಳೆದಿರಲಿಲ್ಲ, ತುಂಬಾ ಚೆನ್ನಾಗಿ ಹಿಡಿದಿದೀರಿ. ಅಡುಗೆಮನೆ ಆಚೆಗೂ ಬೇಯೋದು ಹಂಗೇ ಒಳಗಿಂದೇ, ‘ನೊಂದು ಬೆಂದು ಹೋದ’ ಅಂತೀವಿ, ನೊಂದು ಹುರಿದು ಹೋದ ಅನ್ನಲ್ಲ. ಸಂಸ್ಕೃತದಿಂದ ಬಂದಿದ್ದೂ ಒಂದಷ್ಟಿವೆ. ಪಾಕ, ಪಕ್ವ, ಪಚನ ಮೂರೂ ಒಂದೇ ಧಾತು, ಅಲ್ಲಿ ಮೂಲ ಅರ್ಥ ಬೇಯಿಸೋದೇ, ನಮ್ಮಲ್ಲಿ ಮೂರೂ ಮೂರು ದಾರಿ ಹಿಡಿದ್ವು. ಪಚನ ಹೊಟ್ಟೆ ಒಳಗೆ ಹೋಯ್ತು, ತಿಂದಿದ್ದು ಅರಗೋದಕ್ಕೆ ಹೇಳ್ತೀವಿ, ಪಕ್ವ ಅಂದ್ರೆ ಹಣ್ಣಾಗಿದ್ದು, ಮಾಗಿದ್ದು. ಪಾಕ ಮಾತ್ರ ನಳಪಾಕ, ಪಾಕಶಾಲೆ ಅಂತ ದೊಡ್ಡ ಮಾತಲ್ಲಿ ಉಳ್ಕೊಂಡು ಮನೆ ಮಾತಲ್ಲಿ ಸಕ್ಕರೆ ಬೆಲ್ಲಕ್ಕೆ ಸೇರ್ಕೊಳ್ತು, ಬೆರಳ ನಡುವೆ ಹಿಡಿದು ಬಿಡಿಸಿದ್ರೆ ನೂಲಿನಂಗೆ ಎಳೆ ಬರುತ್ತಲ್ಲ ಆ ಪಾಕ. ಅಡುಗೆ ಮಾಡೋರಿಗೆ ಬಾಣಸಿಗ ಅಂತಾರಲ್ಲ, ಅದು ‘ಮಹಾನಸ’ ಸವೆದು ಬಾಣಸ ಆಗಿ ಬಂದಿದ್ದು, ಮಹಾನಸ ಅಂದ್ರೆ ಅಡುಗೆಮನೆ.

ಪದಹುಡುಕಿ:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ರಾತ್ರಿ ಕೂತು ‘ಬೇಯಿಸಿ’ ಇರೋ ಜಾಗ ಎಲ್ಲಾ ಮತ್ತೆ ತೆಗೆದೆ, ಅರ್ಧಕ್ಕಿಂತ ಜಾಸ್ತಿ ಕಡೆ ಹುರಿಯಿರಿ, ಬಾಡಿಸಿ, ಬಿಸಿ ಮಾಡಿ ಅಂತ ಬದಲಾಯ್ತು, ಟೈಮ್ ಹೇಳೋ ಸಾಲಲ್ಲಿ ‘10 ನಿಮಿಷ ಇಟ್ಟು ಒಳಗೆ ಬೆಂದಿದೆಯಾ ನೋಡಿ’ ಅಂತ ಬರೆದೆ. ಅಡುಗೆ ಅಂತಾನೇ ಇಟ್ಕೊಂಡಿದೀನಿ. ‘ಅಡು’ನ ಮಾತ್ರ ಎಲ್ಲೂ ಸೇರಿಸೋಕಾಗ್ಲಿಲ್ಲ, ಅದೊಂದು ಬೇಜಾರಿದೆ.