ವಿಕಿ ನಿಧಾನವೇ? ಮೊದಲು ಒಂದು ಖಾಲಿ ಪುಟ ತೆರೆದು ನೋಡಿ

ತಂಡದ ವಿಕಿ (ಎಲ್ಲರೂ ಸೇರಿ ಬರೆಯುವ ಮಾಹಿತಿ ಪುಟಗಳ ತಾಣ) ಕ್ಲೌಡ್‌ನಲ್ಲಿದೆ, ಪುಟ ತೆರೆಯಲು ಹತ್ತು ಸೆಕೆಂಡ್ ಹಿಡಿಯುತ್ತದೆ, ಸರ್ವರ್ ನಮ್ಮ ಕೈಯಲ್ಲಿಲ್ಲ, ಏನು ಮಾಡೋದು ಅಂತ ಕೇಳಿದ್ದೀರಿ. ನಾವೂ ಇದನ್ನೇ ಅನುಭವಿಸಿದವರು. ಕೊನೆಗೆ ನೋಡಿದರೆ ತೊಂದರೆ ಜಾಸ್ತಿ ಇದ್ದದ್ದು ನಮ್ಮ ಕಡೆಯೇ.

ಮೊದಲು ಹೊಸ ಪುಟ ಮಾಡಿ, ಒಂದೇ ಸಾಲು ಬರೆದು ಸೇವ್ ಮಾಡಿ, ತೆರೆದು ನೋಡಿ. ಬೇಗ ಬಂದರೆ ತಪ್ಪು ನಿಮ್ಮ ಆ ಭಾರದ ಪುಟದ್ದು. ಅದೂ ನಿಧಾನವಾದರೆ ಬ್ರೌಸರ್, ನೆಟ್‌ವರ್ಕ್, ಇಲ್ಲವೇ ಸೇವೆ ಕೊಡುವವರ ಕಡೆ ಹುಡುಕಬೇಕು. ಇಷ್ಟು ಮಾಡದೆ ನಾವು ಸುಮ್ನೆ ಎರಡು ವಾರ ಸಪೋರ್ಟ್‌ನವರ ಜೊತೆ ಪತ್ರ ಬರೆಯುತ್ತ ಕಳೆದೆವು.

ನಮ್ಮಲ್ಲಿ ಖಾಲಿ ಪುಟ ತಕ್ಷಣ ಬಂತು. ಆಮೇಲೆ ಮುಖಪುಟ ತೆರೆದು, ಎಫ್12 ಒತ್ತಿ ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆರೆದು, ನೆಟ್‌ವರ್ಕ್ ಟ್ಯಾಬ್‌ನಲ್ಲಿ ದೊಡ್ಡ ಫೈಲ್ ಮೇಲೆ ಬರುವ ಹಾಗೆ ಜೋಡಿಸಿದೆವು. ಮೊದಲ ಸಾಲಿನಲ್ಲೇ ತಂಡದ ಫೋಟೋ. ಪರದೆ ಮೇಲೆ ಅಂಗೈಯಷ್ಟು, ಫೈಲ್ ಮಾತ್ರ 6 ಎಂಬಿ! ಅದನ್ನು ಚಿಕ್ಕದು ಮಾಡಿ ಹಾಕಿದ್ದು ಸುಲಭದ ಕೆಲಸ. ನಿಜವಾದ ಭಾರ ಇದ್ದದ್ದು ಟಿಕೆಟ್ (ಕೆಲಸ, ದೂರುಗಳ ದಾಖಲೆ) ಪಟ್ಟಿ ತೋರಿಸುವ ಐದು ಮ್ಯಾಕ್ರೋಗಳಲ್ಲಿ, ಅಂದರೆ ಪುಟದೊಳಗೆ ತಾನಾಗಿ ಮಾಹಿತಿ ತಂದು ತೋರಿಸುವ ತುಣುಕುಗಳಲ್ಲಿ. ಪುಟ ತೆರೆದಾಗಲೆಲ್ಲ ಒಂದೊಂದೂ ಇನ್ನೊಂದು ಸಿಸ್ಟಮ್‌ಗೆ ಹೋಗಿ ಕೇಳಿಕೊಂಡು ಬರಬೇಕು. ಒತ್ತಿದರೆ ಬಿಚ್ಚಿಕೊಳ್ಳುವ ಬಾಕ್ಸ್‌ನೊಳಗೆ ಅವನ್ನು ಬಚ್ಚಿಟ್ಟೆವು. ಏನೂ ಪ್ರಯೋಜನ ಆಗಲಿಲ್ಲ. ಕಣ್ಣಿಗೆ ಕಾಣದಿದ್ದರೂ ಅವು ಹಿಂದಿನಿಂದ ಲೋಡ್ ಆಗುತ್ತಲೇ ಇದ್ದವು. ಬೇರೆ ಪುಟಕ್ಕೆ ಸಾಗಿಸಿ, ಮುಖಪುಟದಲ್ಲಿ ಬರೀ ಲಿಂಕ್ ಬಿಟ್ಟ ಮೇಲೆ ಎಲ್ಲರಿಗೂ ವ್ಯತ್ಯಾಸ ಗೊತ್ತಾಯಿತು. ಒಂದು ಸಲಕ್ಕೆ ಒಂದನ್ನೇ ತೆಗೆದು ಸಮಯ ನೋಡಿ. ಎಲ್ಲ ಒಟ್ಟಿಗೆ ತೆಗೆದರೆ ಕಾರಣ ಯಾವುದು ಅಂತ ತಿಳಿಯುವುದಿಲ್ಲ ಅಲ್ವಾ?

ಆಫೀಸಿನಲ್ಲಿ ಮಾತ್ರ ನಿಧಾನ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಸರಿ ಅಂತಾದರೆ ವಿಪಿಎನ್ ಅಥವಾ ಪ್ರಾಕ್ಸಿ (ಆಫೀಸಿನ ಇಂಟರ್ನೆಟ್ ಸಂಚಾರ ಹಾದುಹೋಗುವ ಮಧ್ಯದ ವ್ಯವಸ್ಥೆಗಳು) ಮೇಲೆ ಕಣ್ಣಿಡಿ. ಅದೇ ಟ್ಯಾಬ್‌ನಲ್ಲಿ ಪ್ರೋಟೋಕಾಲ್ ಕಾಲಂ ಹಾಕಿಕೊಳ್ಳಿ. ಹಾಟ್‌ಸ್ಪಾಟ್‌ನಲ್ಲಿ ಎಚ್2 (ಪುಟ ತರುವ ಎಚ್‌ಟಿಟಿಪಿ ನಿಯಮದ 2ನೇ ಆವೃತ್ತಿ) ತೋರಿಸಿ, ಆಫೀಸಿನಲ್ಲಿ ಎಚ್‌ಟಿಟಿಪಿ 1.1 ತೋರಿಸಿದರೆ ಮಧ್ಯದಲ್ಲಿರುವ ಪ್ರಾಕ್ಸಿಯೇ ಹಳೆಯದಕ್ಕೆ ಇಳಿಸುತ್ತಿರಬಹುದು. ಹಳೆಯದರಲ್ಲಿ ಬ್ರೌಸರ್ ಒಂದು ಹೋಸ್ಟ್‌ಗೆ (ಸರ್ವರ್ ವಿಳಾಸಕ್ಕೆ) ಸಾಮಾನ್ಯವಾಗಿ 6 ಸಂಪರ್ಕ ಮಾತ್ರ ತೆರೆಯುತ್ತದೆ. ವಿಕಿ ಪುಟವೊಂದು ನೂರಾರು ಚಿಕ್ಕ ಫೈಲ್ ಕೇಳಿದರೆ ಉಳಿದವೆಲ್ಲ ಸರದಿಯಲ್ಲಿ ಕಾಯುತ್ತವೆ. ಇದನ್ನು ನೆಟ್‌ವರ್ಕ್ ತಂಡದವರಿಗೆ ತೋರಿಸಿ ಕೇಳಿ, ಬಾಯಿಮಾತಿನಲ್ಲಿ ಹೇಳಿದರೆ ನಂಬುವುದು ಕಷ್ಟ.

ಒಬ್ಬರಿಗಷ್ಟೇ ನಿಧಾನವಾದರೆ, ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸಿಕೊಂಡ ಹೆಚ್ಚುವರಿ ತಂತ್ರಾಂಶ) ಇಲ್ಲದ ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆಯಲು ಹೇಳಿ.

ದೂರವೂ ಲೆಕ್ಕಕ್ಕೆ ಬರುತ್ತದೆ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. ಡೇಟಾ 10,000 ಕಿ.ಮೀ. ಆಚೆ ಇದ್ದರೆ ಒಂದು ಸಲ ಹೋಗಿ ಬರಲು ಕಡಿಮೆ ಅಂದರೂ 100 ಮಿಲಿಸೆಕೆಂಡ್ ಬೇಕು. ಡೇಟಾ ಇಡುವ ಪ್ರದೇಶ ಆರಿಸುವ ಅವಕಾಶ ನಿಮ್ಮ ಪ್ಲಾನ್‌ನಲ್ಲಿ ಇದೆಯಾ ಅಂತ ವಿಚಾರಿಸಿ.

ಇಷ್ಟಾದರೂ ಖಾಲಿ ಪುಟವೇ ನಿಧಾನ ಅಂದರೆ, ನೆಟ್‌ವರ್ಕ್ ಟ್ಯಾಬ್‌ನಿಂದ ಎಚ್‌ಎಆರ್ ಫೈಲ್ (ಪುಟ ತೆರೆದಾಗ ನಡೆದ ಕೋರಿಕೆಗಳ ದಾಖಲೆ) ಇಳಿಸಿ ಸಪೋರ್ಟ್‌ಗೆ ಕಳಿಸಿ. ಅದರಲ್ಲಿ ನಿಮ್ಮ ಲಾಗಿನ್ ಕುಕಿ (ನೀವು ಲಾಗಿನ್ ಆಗಿದ್ದೀರಿ ಎಂಬ ಗುರುತು) ಇರಬಹುದು. ಅದನ್ನು ಅಳಿಸದೆ ಮಾತ್ರ ಕಳಿಸಬೇಡಿ.