ಹೊರಗಿನಿಂದ ಕೊಟ್ಟ ಕಾಲ್ (ಸೂಚನೆ) ಹುಡುಗರು ಕೇಳುವುದೇ ಇಲ್ಲ, ಏನು ಮಾಡಲಿ?

ಮಣ್ಣಿನ ಅಂಕಣ:
ನಮ್ಮದು ಪುತ್ತೂರು ಕಡೆಯ ಸಣ್ಣ ಕಬಡ್ಡಿ ತಂಡ. ನನ್ನನ್ನು ಕೋಚ್ ಅಂದರೆ ದೊಡ್ಡ ಮಾತಾಯಿತು. ಹಿಂದೆ ಆಡುತ್ತಿದ್ದೆ, ಮೊಣಕಾಲು ಹೋದ ಮೇಲೆ ಹೊರಗೆ ನಿಂತು ಹುಡುಗರನ್ನು ನೋಡಿಕೊಳ್ಳುತ್ತೇನೆ ಅಷ್ಟೇ.

ಕಳೆದ ತಿಂಗಳು ಒಂದು ಹೊನಲು ಬೆಳಕಿನ ಪಂದ್ಯಾಟ. ಸೆಮಿಫೈನಲ್. ನಾವು 24, ಅವರು 23, ಎರಡು ನಿಮಿಷವೂ ಉಳಿದಿರಲಿಲ್ಲ. ಅವರದ್ದು ಡೂ ಆರ್ ಡೈ ರೈಡ್. ನಮ್ಮಲ್ಲಿ ನಾಲ್ಕೇ ಜನ ಇದ್ದರು, ಆರು ಜನ ಇಲ್ಲದ ಮೇಲೆ ಬೋನಸ್ ಗೆರೆ ದಾಟಿ ಪಾಯಿಂಟ್ ತೆಗೆಯುವ ಭಯವೂ ಇಲ್ಲ. ರೈಡರ್ ಖಾಲಿ ಹೋದರೆ ಅವನೇ ಔಟ್, ಪಾಯಿಂಟ್ ನಮಗೆ. ಸುಮ್ನೆ ಹಿಂದೆ ನಿಂತು 30 ಸೆಕೆಂಡ್ ಕಳೆದರೆ ಸಾಕಿತ್ತು. ನಾನು ಗಂಟಲು ಹರಿಯುವ ಹಾಗೆ ಕೂಗಿದೆ, "ಯಾರೂ ಕೈ ಹಾಕಬೇಡಿ, ಟೈಮ್ ಹೋಗ್ಲಿ!" ಬಲ ಕಾರ್ನರ್ ಹುಡುಗ ನನ್ನ ಕಡೆ ನೋಡಿದ. ತಲೆಯನ್ನೂ ಆಡಿಸಿದ. ಹತ್ತು ಸೆಕೆಂಡ್ ಆಗಿರಲಿಲ್ಲ, ಆಂಕಲ್ ಹೋಲ್ಡ್‌ಗೆ ಹಾರಿಯೇ ಬಿಟ್ಟ. ಕಾಲು ಜಾರಿತು, ಸಪೋರ್ಟಿಗೆ ಬಂದ ಕವರ್ ಹುಡುಗನೂ ಸಿಕ್ಕಿಕೊಂಡ. ಎರಡು ಪಾಯಿಂಟ್. 24-25, ಅಲ್ಲಿಗೆ ಕತೆ ಮುಗಿಯಿತು.

ಬಿಸಿರಕ್ತ ಅಂತ ಬಿಟ್ಟುಬಿಡಬಹುದಿತ್ತು, ಆದರೆ ಇದು ಒಂದು ದಿನದ ವಿಷಯ ಅಲ್ಲ. ಟೈಮೌಟ್‌ನಲ್ಲಿ ಎಲ್ಲರೂ "ಆಯ್ತಣ್ಣ, ಆಯ್ತಣ್ಣ" ಅನ್ನುತ್ತಾರೆ, ಒಳಗೆ ಹೋದ ಮೇಲೆ ತಮಗೆ ತೋಚಿದ್ದನ್ನೇ ಮಾಡುತ್ತಾರೆ. ತಂಡ ನಡೆಸಿದವರು ಇದ್ದರೆ ಹೇಳಿ, ಇವರಿಗೆ ನನ್ನ ಮಾತಿನ ಮೇಲೆ ನಂಬಿಕೆ ಬರಿಸುವುದು ಹೇಗೆ?

ಬಲಮೂಲೆ:
ನಾನು ಹನ್ನೆರಡು ವರ್ಷ ಕಾರ್ನರ್ ಆಡಿದವನು, ಹಾಗಾಗಿ ಹುಡುಗನ ಪರವಾಗಿಯೇ ಮಾತಾಡುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೊದಲನೆಯದು, ರಾತ್ರಿ ಪಂದ್ಯಾಟದಲ್ಲಿ ನಿಮ್ಮ ಕೂಗು ಕೇಳಿಸುತ್ತದೆ ಅಂದುಕೊಂಡಿದ್ದೀರಲ್ಲ, ಅದೇ ತಪ್ಪು. ಒಂದು ಕಡೆ ಮೈಕಿನಲ್ಲಿ ಕಾಮೆಂಟರಿ, ಇನ್ನೊಂದು ಕಡೆ ಶಿಳ್ಳೆ. ಅವನು ತಲೆ ಆಡಿಸಿದ್ದು "ಏನೋ ಹೇಳ್ತಿದ್ದಾರೆ" ಅಂತ ಇರಬಹುದು. ಎರಡನೆಯದು, ಕಾರ್ನರ್‌ನವನ ಕಣ್ಣು ರೈಡರ್‌ನ ಕಾಲಿನ ಮೇಲೆಯೇ ಇರುತ್ತದೆ. ಕಾಲು ಹತ್ತಿರ ಬಂತು, ಭಾರ ಮುಂದಿನ ಪಾದಕ್ಕೆ ಬಿತ್ತು ಅಂದರೆ ಮೈ ತಾನಾಗಿ ಹಾರುತ್ತದೆ, ಅಷ್ಟು ಹೊತ್ತಿಗೆ ಹೊರಗಿನ ಮಾತು ತಡವಾಗಿರುತ್ತದೆ. ನಾವು ಆಡುವಾಗ ರೈಡರ್ ಗೆರೆ ದಾಟುವ ಮೊದಲೇ ತೀರ್ಮಾನ ಆಗಿರುತ್ತಿತ್ತು. ಚೈನ್‌ನಲ್ಲಿ ಪಕ್ಕದವನು ನನ್ನ ಕೈ ಒಮ್ಮೆ ಒತ್ತಿದರೆ ಕಾಯಬೇಕು, ಎರಡು ಸಲ ಒತ್ತಿದರೆ ನಾನು ಹೋಗ್ತೀನಿ, ಅವನು ಹಿಂದೆ ಬರ್ತಾನೆ. ಬಾಯಿ ಬಿಡುವ ಕೆಲಸವೇ ಇರಲಿಲ್ಲ.

ಈಗ ಒಂದು ಪ್ರಶ್ನೆ ಕೇಳ್ತೀನಿ, ನಿಜ ಹೇಳಿ. ಇದಕ್ಕೂ ಮುಂಚೆ ನಿಮ್ಮ ಕಾಲ್ ಕೇಳಿ ಅವನು ಏನಾದರೂ ಮಾಡಿ, ಅದು ಫೇಲ್ ಆಗಿತ್ತಾ? ಆಗ ನೀವು ಏನು ಮಾಡಿದಿರಿ?

ಮಣ್ಣಿನ ಅಂಕಣ:
ಸರಿಯಾದ ಜಾಗಕ್ಕೇ ಕೈ ಹಾಕಿದಿರಿ ಅಣ್ಣ.

ಆಗಿತ್ತು. ಎರಡು ತಿಂಗಳ ಹಿಂದೆ "ಅಡ್ವಾನ್ಸ್ ಹೋಗು", ಅಂದರೆ ಕಾಯದೆ ನೀನೇ ಮುಂದೆ ನುಗ್ಗಿ ಹಿಡಿ ಅಂತ ನಾನೇ ಹೇಳಿದ್ದೆ. ಹೋದ, ರೈಡರ್ ಅವನ ಮೇಲಿಂದ ಹಾರಿ ದಾಟಿಬಿಟ್ಟ. ನನಗೆ ತಡೆಯಲಾಗದೆ ಎಲ್ಲರ ಎದುರಿಗೆ ಬೈದೆ. ಅವನ ಅಪ್ಪನೂ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಕಾಲ್ ನನ್ನದೇ ಅಂತ ಆಗ ಬಾಯಿಗೆ ಬರಲಿಲ್ಲ. ಆಮೇಲೂ ಹೇಳಲಿಲ್ಲ. ಪ್ರಶ್ನೆಯಲ್ಲಿ ಇದನ್ನು ಬರೆಯದೆ ಬಿಟ್ಟದ್ದೂ ಬೇಕೆಂದೇ ಇರಬೇಕು.

ಜರ್ಸಿ ಕನ್ನಡಿಗ:
ಅಮೆರಿಕನ್ ಫುಟ್‌ಬಾಲ್ ಕತೆ ಹೇಳಿದರೆ ನಗಬೇಡಿ. ಇಲ್ಲಿಗೆ ಬಂದ ಹೊಸದರಲ್ಲಿ ನನಗೂ ಅದು ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವ ಆಟ ಅನ್ನಿಸಿತ್ತು. ಆದರೆ ನೀವು ಕೇಳುತ್ತಿರುವುದೇ ಆ ಆಟದ ಜೀವಾಳ. ಒಂದೊಂದು ಪ್ಲೇಗೂ ಕೋಚ್ ಕಡೆಯಿಂದ ಕ್ವಾರ್ಟರ್‌ಬ್ಯಾಕ್‌ನ (ಆಟ ನಡೆಸಿ ಚೆಂಡು ಎಸೆಯುವವನ) ಹೆಲ್ಮೆಟ್ ಒಳಗಿನ ಸ್ಪೀಕರಿಗೆ ಕಾಲ್ ಬರುತ್ತದೆ. ಆದರೆ ಪ್ಲೇ ಶುರುಮಾಡಲು ಕೊಟ್ಟ ಸಮಯ ತೋರಿಸುವ ಪ್ಲೇ ಕ್ಲಾಕ್‌ನಲ್ಲಿ 15 ಸೆಕೆಂಡ್ ಉಳಿದಾಗ ಆ ಲೈನ್ ಕಟ್! ಆಮೇಲೆ ಎದುರಿನ ಡಿಫೆನ್ಸ್ ನೋಡಿ ಬದಲಿಸುವುದಿದ್ದರೆ ಆಟಗಾರನೇ ಬದಲಿಸಬೇಕು.

2018ರ ಫೆಬ್ರವರಿ 4, ಸೂಪರ್ ಬೌಲ್, ಅಂದರೆ ಆ ಆಟದ ಫೈನಲ್, ಫಿಲಡೆಲ್ಫಿಯಾ ಈಗಲ್ಸ್ ಮತ್ತು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್. ಈಗಲ್ಸ್‌ನ ಮುಖ್ಯ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ವೆಂಟ್ಜ್ ಡಿಸೆಂಬರ್‌ನಲ್ಲೇ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡಿದ್ದ, ಆಡುತ್ತಿದ್ದವನು ಬದಲಿ ಆಟಗಾರ ನಿಕ್ ಫೋಲ್ಸ್. ಮೊದಲರ್ಧ ಮುಗಿಯಲು 38 ಸೆಕೆಂಡ್. ಸ್ಕೋರ್ 15-12, ಈಗಲ್ಸ್ ಮುಂದೆ. ಗೋಲ್ ಗೆರೆಗೆ ಒಂದೇ ಗಜ, ನಾಲ್ಕನೆಯ, ಅಂದರೆ ಕೊನೆಯ ಪ್ರಯತ್ನ. ಎಷ್ಟೋ ಕೋಚ್‌ಗಳು ಅಲ್ಲಿ ಚೆಂಡನ್ನು ಒದ್ದು ಸುಲಭವಾಗಿ 3 ಪಾಯಿಂಟ್ ತಗೋತಾರೆ. ಟೈಮೌಟ್‌ನಲ್ಲಿ ಫೋಲ್ಸ್ ಕೋಚ್ ಡಗ್ ಪೀಡರ್ಸನ್ ಹತ್ತಿರ ಬಂದು "ಫಿಲ್ಲಿ ಫಿಲ್ಲಿ ಮಾಡೋಣವಾ?" ಅಂತ ಕೇಳಿದ. ಪ್ಲೇ ಹೆಸರು ನಿಜವಾಗಿ "ಫಿಲ್ಲಿ ಸ್ಪೆಷಲ್", ಆ ಗಡಿಬಿಡಿಯಲ್ಲಿ ಹೆಸರೂ ಸರಿಯಾಗಿ ಬರಲಿಲ್ಲ. ಕೋಚ್ ಒಂದು ಕ್ಷಣ ಸುಮ್ಮನಿದ್ದು "ಸರಿ, ಮಾಡೋಣ" ಅಂದರು. ಮೈಕಿನಲ್ಲಿ ರೆಕಾರ್ಡ್ ಆಗಿದೆ, ಹುಡುಕಿ ನೋಡಿ. ಚೆಂಡು ನೇರ ಕೋರಿ ಕ್ಲೆಮೆಂಟ್ ಕೈಗೆ ಹೋಯಿತು, ಅವನಿಂದ ಟ್ರೇ ಬರ್ಟನ್‌ಗೆ. ಚೆಂಡು ಎಸೆಯಬೇಕಾದ ಫೋಲ್ಸ್ ಯಾರಿಗೂ ಗೊತ್ತಾಗದ ಹಾಗೆ ಪಕ್ಕಕ್ಕೆ ಓಡಿ, ಬರ್ಟನ್ ಎಸೆದದ್ದನ್ನು ತಾನೇ ಕ್ಯಾಚ್ ಹಿಡಿದ. ಈಗಲ್ಸ್ ಕೊನೆಗೆ 41-33ರಲ್ಲಿ ಗೆದ್ದರು. ಫೋಲ್ಸ್, ಪೀಡರ್ಸನ್ ಇಬ್ಬರೂ ಮಾತಾಡುತ್ತಾ ನಿಂತಿರುವ ಪ್ರತಿಮೆ ಈಗಲ್ಸ್ ಸ್ಟೇಡಿಯಂ ಹೊರಗೇ ಇದೆ.

ಕೋಚ್ ಪೀಡರ್ಸನ್ ತಾವೂ ಹಿಂದೆ ಬದಲಿ ಕ್ವಾರ್ಟರ್‌ಬ್ಯಾಕ್ ಆಗಿ ಬ್ರೆಟ್ ಫಾವ್ರ್ ಎಂಬ ದೊಡ್ಡ ಆಟಗಾರನ ಹಿಂದೆ ಬೆಂಚಿನಲ್ಲಿ ಕೂತವರು. ಅದಕ್ಕೇ ಅವನ ಮಾತು ಕೇಳಿದರು ಅಂತ ನನಗೆ ಅನ್ನಿಸುತ್ತದೆ. ನಿಮ್ಮ ಹುಡುಗರು ಯಾವತ್ತಾದರೂ ನಿಮ್ಮ ಹತ್ತಿರ ಬಂದು "ಅಣ್ಣ, ಇದನ್ನು ಮಾಡೋಣವಾ" ಅಂತ ಕೇಳಿದ್ದಾರಾ?

ಟೈಮೌಟ್ ತಮ್ಮಣ್ಣ:
ಗೆದ್ದವರ ಕತೆ ಎಲ್ಲರೂ ಹೇಳ್ತಾರೆ ಸಾರ್. ಫಿಲ್ಲಿ ಸ್ಪೆಷಲ್‌ನಲ್ಲಿ ಆ ಕ್ಯಾಚ್ ಕೈಜಾರಿದ್ದರೆ ಪ್ರತಿಮೆ ಎಲ್ಲಿಂದ ಬರಬೇಕು? ಅದೇ ಪಂದ್ಯದಲ್ಲಿ ಪೇಟ್ರಿಯಟ್ಸ್‌ನ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಗೂ ಅಂಥದ್ದೇ ಪಾಸ್ ಬಂದಿತ್ತು, ಅವನ ಕೈಯಿಂದ ಜಾರಿತು.

2015ರ ಸೂಪರ್ ಬೌಲ್ ನೋಡಿ. ಸಿಯಾಟಲ್ ತಂಡಕ್ಕೆ ಗೆಲ್ಲಲು ಒಂದು ಗಜ ಬೇಕಿತ್ತು, ಅರ್ಧ ನಿಮಿಷವೂ ಇರಲಿಲ್ಲ. ಗೂಳಿಯ ಹಾಗೆ ನುಗ್ಗುವ ಮಾರ್ಷಾನ್ ಲಿಂಚ್ ಪಕ್ಕದಲ್ಲೇ ಇದ್ದ. ಅವನ ಕೈಗೆ ಚೆಂಡು ಕೊಡದೆ ಪಾಸ್ ಕಾಲ್ ಕೊಟ್ಟರು, ಎದುರಾಳಿ ತಂಡದ ಮಾಲ್ಕಮ್ ಬಟ್ಲರ್ ಎಂಬ ಹೊಸ ಹುಡುಗ ಮಧ್ಯೆ ನುಗ್ಗಿ ಹಿಡಿದುಬಿಟ್ಟ. 28-24, ಸೋಲು. ಕೋಚ್ ಪೀಟ್ ಕ್ಯಾರಲ್ ಅವತ್ತೇ ಎಲ್ಲರ ಮುಂದೆ ತಪ್ಪು ನನ್ನದು ಅಂದರು. ಆದರೂ "ಲಿಂಚ್‌ಗೆ ಯಾಕೆ ಕೊಡಲಿಲ್ಲ" ಅನ್ನುವ ಕೊರಗು ಆ ತಂಡದ ಆಟಗಾರರಿಗೆ ವರ್ಷಗಟ್ಟಲೆ ಹೋಗಲಿಲ್ಲ. ತಪ್ಪು ಒಪ್ಪಿಕೊಂಡ ಕೂಡಲೇ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳಬೇಡಿ ಅಂತ ಹೇಳಿದೆ ಅಷ್ಟೇ. ಒಪ್ಪಿಕೊಳ್ಳದಿದ್ದರೆ ಇನ್ನೂ ಕೆಡುತ್ತದೆ, ಅದೂ ನಿಜ.

ಬಲಮೂಲೆ:
ತಮ್ಮಣ್ಣನವರು ಹೇಳಿದ್ದು ಸರಿ. ಆದರೆ ಬೈದದ್ದು ಎಲ್ಲರ ಎದುರಿಗೆ ಆದರೆ ಒಪ್ಪಿಕೊಳ್ಳುವುದೂ ಎಲ್ಲರ ಎದುರಿಗೇ ಆಗಬೇಕು. ಬೈಕ್ ಪಕ್ಕ ನಿಂತು ಮೆಲ್ಲಗೆ "ಸಾರಿ ಮಾರಾಯ" ಅಂದರೆ ನಡೆಯುವುದಿಲ್ಲ. ಮತ್ತೆ ಪ್ರಾಕ್ಟೀಸಿನಲ್ಲಿ ಡೂ ಆರ್ ಡೈ ಸನ್ನಿವೇಶವನ್ನೇ ಇಪ್ಪತ್ತು ಸಲ ಆಡಿಸಿ, ನಾಲ್ಕು ಜನ ಇದ್ದಾಗ, ಮೂರು ಜನ ಇದ್ದಾಗ. ಮೂರಕ್ಕೆ ಇಳಿದರೆ ಸೂಪರ್ ಟ್ಯಾಕಲ್ ಆಸೆ ಬರುತ್ತದೆ (ಹಿಡಿದರೆ ಒಂದು ಪಾಯಿಂಟ್ ಹೆಚ್ಚು), ಲೆಕ್ಕವೇ ಬೇರೆ. ಆಗ ಕಾಲ್ ಅವರೇ ಕೊಡಲಿ.

ಮಣ್ಣಿನ ಅಂಕಣ:
ನಿನ್ನೆ ಪ್ರಾಕ್ಟೀಸ್‌ಗೆ ಮುಂಚೆ ಎಲ್ಲರನ್ನೂ ಕೂರಿಸಿ ಹೇಳಿದೆ, ಅವತ್ತಿನ ಅಡ್ವಾನ್ಸ್ ಕಾಲ್ ನನ್ನದು, ಬೈದದ್ದು ತಪ್ಪು ಅಂತ. ಯಾರೂ ಏನೂ ಅನ್ನಲಿಲ್ಲ. ಒಬ್ಬ ಶೂ ಲೇಸ್ ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಮಾಡುತ್ತಿದ್ದ.

ಆಮೇಲೆ ಕಾರ್ನರ್ ಹುಡುಗನನ್ನು ಕೇಳಿದೆ, ಸೆಮಿಫೈನಲ್ ರೈಡಿನಲ್ಲಿ ನಿನಗೆ ಏನು ಕಂಡಿತು ಅಂತ. "ಅವನ ಎಡಗಾಲು ಸೋತಿತ್ತು ಅಣ್ಣ, ಹಿಂದಿನ ಎರಡು ರೈಡಲ್ಲೂ ಎಳೆದುಕೊಂಡೇ ತಿರುಗಿದ್ದ, ಸಿಗ್ತದೆ ಅಂತ ಅನ್ನಿಸಿತು" ಅಂದ. ನಾನು ನಿಂತ ಕಡೆಯಿಂದ ಆ ಕಾಲು ಕಾಣುತ್ತಿರಲಿಲ್ಲ. ಆದರೂ ಕಾಯಬೇಕಿತ್ತು ಅಂತ ನಾನು ಅಂದೆ, ಹತ್ತು ನಿಮಿಷ ಜಗಳ ಆಡಿದೆವು. ಅವನು ನನ್ನ ಹತ್ತಿರ ಅಷ್ಟು ಮಾತಾಡಿದ್ದು ಅದೇ ಮೊದಲು.

ಶನಿವಾರ ಸುಳ್ಯದಲ್ಲಿ ಮ್ಯಾಚ್. ಡಿಫೆನ್ಸ್ ಕಾಲ್ ಅವನಿಗೇ ಕೊಟ್ಟಿದ್ದೇನೆ, ಟೈಮೌಟ್ ಮಾತ್ರ ನನ್ನ ಕೈಯಲ್ಲಿ. ಕೈ ಒತ್ತುವ ಲೆಕ್ಕವನ್ನೂ ಕಲಿತರು, ಆದರೆ ಕವರ್ ಹುಡುಗ ಟೆನ್ಷನ್‌ನಲ್ಲಿ ಮೂರು ಮೂರು ಸಲ ಒತ್ತುತ್ತಾನೆ!